ಹದಿನಾರು ತಾಸಿನ ಸರ್

ನಮ್ಮ ಸರ್ ಅವರ ಕೊರಳಿನ ಹಿಂಭಾಗದಲ್ಲಿ ಬಿಸಿಲು ಮುಟ್ಟದ ಒಂದು ಬಿಳಿ ಗೆರೆ ಇತ್ತು. ಸೀಟಿಯ ದಾರ ಕೂತು ಕೂತು ಮೂಡಿದ್ದು. ವಾರವೆಲ್ಲ ಗಂಗಾವತಿಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವ ಮನುಷ್ಯ, ಭಾನುವಾರ ಬಂತೆಂದರೆ ಹನುಮನಹಳ್ಳಿಯೋ ನಮ್ಮ ಸಿದ್ದಾಪುರವೋ, ವಾಲಿಬಾಲ್ ಪಂದ್ಯ ಎಲ್ಲಿದ್ದರೆ ಅಲ್ಲಿ ಅಂಪೈರ್. ನಮ್ಮೂರ ಹುಡುಗರು ಅವರನ್ನು ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ. ಮುಂದಿನ ಪಂದ್ಯಕ್ಕೆ ಕರೆಯುತ್ತಿದ್ದದ್ದೂ ಅವರನ್ನೇ.

ಲ್ಯಾಬಿನ ಇಪ್ಪತ್ತು ಕಂಪ್ಯೂಟರ್‌ಗಳಲ್ಲಿ ಎಂಟು ನಡೆಯುತ್ತಿದ್ದವು, ಅದೂ ಕರೆಂಟ್ ಇದ್ದರೆ. ಸರ್ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. "ಮೊದಲ ಕೈಲೆ ಓಡಸು ತಂಗಿ, ಆಮ್ಯಾಲ ಮಷಿನ್ ಮುಟ್ಟು" ಎನ್ನುತ್ತಿದ್ದರು. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಹಾಳೆಯ ಮೇಲೆ ಬಿಡಿಸಿ ತೋರಿಸದೆ ಯಾರಿಗೂ ಕುರ್ಚಿ ಸಿಗುತ್ತಿರಲಿಲ್ಲ. ನನಗೆ ಬರುವ ವಿದ್ಯೆಯೆಲ್ಲ ಆ ಹಾಳೆಗಳಿಂದಲೇ ಬಂದದ್ದು.

ಸಂಶೋಧನೆಯ ಹುಚ್ಚೂ ಇತ್ತು. ಕೋಣೆ ಕಡಿಮೆ, ಮೇಷ್ಟ್ರು ಕಡಿಮೆ ಇರುವ ನಮ್ಮಂಥ ಕಾಲೇಜುಗಳಿಗೆ ತಾನೇ ವೇಳಾಪಟ್ಟಿ ಹೊಂದಿಸಿಕೊಡುವ ಪ್ರೋಗ್ರಾಂ ಬರೆದಿದ್ದರು. ಪಿಎಚ್‌ಡಿ ಮಾರ್ಗದರ್ಶಕರು ಇದರಲ್ಲಿ ಸಂಶೋಧನೆ ಏನು ಬಂತು ಎಂದು ಮೂಗು ಮುರಿದರಂತೆ. ಪಿಎಚ್‌ಡಿ ಅಲ್ಲಿಗೇ ನಿಂತಿತು. ಕಾಲೇಜು ಮಾತ್ರ ಪ್ರತಿ ವರ್ಷ ಅದೇ ಪ್ರೋಗ್ರಾಮಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿತ್ತು.

ಇಷ್ಟೆಲ್ಲ ಇದ್ದೂ ಸರ್ ಹದಿನಾಲ್ಕು ವರ್ಷ ಅತಿಥಿ ಉಪನ್ಯಾಸಕರೇ. ವಾರಕ್ಕೆ ಹದಿನಾರು ತಾಸು ಪಾಠ. ಕಾಯಂ ನೌಕರಿಯವರು ಯಾರಾದರೂ ಬಂದರೆ ಆ ತಾಸುಗಳು ಅವರ ಪಾಲು, ಅತಿಥಿ ಮನೆಗೆ. ಕಾಯಂ ಹುದ್ದೆಯ ಪರೀಕ್ಷೆ ಬರುವ ಹೊತ್ತಿಗೆ ಸರ್ ಅವರ ವಯಸ್ಸು ಮೀರಿತ್ತು, ನನ್ನ ಎಂ.ಎಸ್ಸಿ. ಮುಗಿದಿತ್ತು. ಅವರು ನನ್ನನ್ನು ಕೂರಿಸಿಕೊಂಡು ದಿನಾ ಸಂಜೆ ಓದಿಸಿದರು. ನಾನು ಪಾಸಾದೆ.

ನೌಕರಿಯ ಊರು ಆರಿಸಿಕೊಳ್ಳುವ ಕೌನ್ಸೆಲಿಂಗ್ ದಿನ ನನ್ನ ಮುಂದೆ ಎರಡೇ ಉಳಿದಿದ್ದವು: ಕುಷ್ಟಗಿ, ಗಂಗಾವತಿ. ಹೊರಗೆ ಬಂದು ಸರ್‌ಗೆ ಫೋನ್ ಮಾಡಿ ಯಾವುದು ತಗೊಳ್ಳಲಿ ಎಂದು ಕೇಳಿದೆ.

ಎರಡೂ ಊರಿನ ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡರು. "ಗಂಗಾವತಿನ ತಗೊ ತಂಗಿ. ನಿಮ್ಮ ಮನಿಗೆ ಸನೇಕ ಆಗತೈತಿ. ನಂದೇನ, ಎಲ್ಲೆರ ನೋಡ್ಕೊತೀನಿ."

ಇವತ್ತು ಹೇಳಿಬಿಡುತ್ತೇನೆ, ಆ ಫೋನು ಸಲಹೆಗಾಗಿ ಅಲ್ಲ. ಒಳಗೆ ಕೂತಾಗಲೇ ನಾನು ಗಂಗಾವತಿ ಎಂದು ನಿರ್ಧರಿಸಿದ್ದೆ. ಅದನ್ನು ಅವರ ಬಾಯಿಂದ ಹೇಳಿಸಿ ಪಾರಾಗಬೇಕಿತ್ತು, ಅಷ್ಟೇ. ಎಂಥ ಹಲ್ಕಾ ಬುದ್ಧಿ ನನ್ನದು!

ನಾನು ಸೇರಿದ ದಿನ ಪ್ರಿನ್ಸಿಪಾಲರು ಹೊಸ ವೇಳಾಪಟ್ಟಿ ಮಾಡಿಕೊಡಲು ಸರ್‌ಗೇ ಹೇಳಿದರು. ಸರ್ ತಮ್ಮ ಹೆಸರು ಅಳಿಸಿ ನನ್ನದು ಹಾಕಿದರು. ಮುಂದಿನ ವರ್ಷ ನಾನೇ ಮಾಡಬೇಕಲ್ಲ ಎಂದು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನೂ ಕಲಿಸಿದರು. ನಾನು ನಾಚಿಕೆಯಿಲ್ಲದೆ ಬರೆದುಕೊಂಡೆ.

ಆಮೇಲೆ ಸರ್ ಯಲಬುರ್ಗಾ ಕಡೆಯ ಖಾಸಗಿ ಕಾಲೇಜೊಂದಕ್ಕೆ ದಿನಾ ಬಸ್ಸು ಹಿಡಿದರು. ಎರಡು ವರ್ಷಕ್ಕೆ, ಬೇವೂರು ದಾಟುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮೂರನೇ ದಿನ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಫೋನ್ ಮಾಡಿದ ದಿನ ನಾ ಭಾಳ ಅತ್ತಿದ್ನಿರಿ. ಇವರು ನನಗ ಬೈದ್ರು. ಸುಮ್ಮನಿರು, ನಾ ಹೇಳೂದು ಹೇಳೀನಿ, ಆದ್ರ ಆಕಿ ಕುಷ್ಟಗಿನ ತಗೋತಾಳ, ನನ್ನ ಹುಡುಗಿ ನನಗ ಗೊತ್ತಿಲ್ಲೇನು ಅಂದ್ರು. ಸಂಜಿತನಾ ನಿಮ್ಮ ಫೋನಿನ ಹಾದಿ ನೋಡಿದ್ರು ನೋಡ್ರಿ."

ಆ ಸಂಜೆ ನಾನು ಊರಲ್ಲಿ ಪೇಡೆ ಹಂಚುತ್ತಿದ್ದೆ.