ಗೈರಸಮಜ

ಮೊನ್ನೆ ಹಲ್ಲಿನ ಡಾಕ್ಟರು ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ನನ್ನ ಬಾಯಿಯ ಹತ್ತಿರ ತಂದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಒರಗಿದ್ದ ಕುರ್ಚಿಯಲ್ಲಿ ದಡಕ್ಕನೆ ಎದ್ದು ಕೂತೆ. "ನೋವಾತೇನ್ರಿ?" ಎಂದರು. ನೋವಲ್ಲ, ಸಿಟ್ಟು. ಕಲಬುರಗಿಯ ಬ್ರಹ್ಮಪುರ ಓಣಿಯ ಆ ವಕೀಲರು ಯಾವಾಗಲೂ ದವಡೆಯಲ್ಲೊಂದು ಲವಂಗ ಇಟ್ಟುಕೊಂಡೇ ಮಾತಾಡುತ್ತಿದ್ದರು. ಇಪ್ಪತ್ತು ವರ್ಷದ ಮೇಲಾಯಿತು, ಆ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಜನರ ಬಾಯಲ್ಲಿ ಅವರು ದೊಡ್ಡ ಮನುಷ್ಯರು. ಪೊಲೀಸರಿಂದ ಏಟು ತಿಂದವರ ದೂರುಗಳನ್ನು ಕೂತು ಬಗೆಹರಿಸಲು ಆಗ ಕಲಬುರಗಿಯಲ್ಲಿ ಒಂದು ಮಾನವ ಹಕ್ಕು ಸಮಿತಿ ಇತ್ತು. ಅಲ್ಲಿ ರಾಜಿ ಮಾಡಿಸುವವರು ಇವರೇ. ಕೋರ್ಟಿಗೆ ಅಲೆಯುವುದು ತಪ್ಪುತ್ತದೆ, ಎರಡೂ ಕಡೆಯವರು ಮುಖ ನೋಡಿ ಮಾತಾಡುತ್ತಾರೆ ಎಂಬುದು ಅವರ ವಾದ. ಕೇಳಲು ಚಂದವೇ ಇತ್ತು.

ನಮ್ಮದು ಕಮಲಾಪುರ. ಅಪ್ಪ ನಮ್ಮೂರ ಕೆಂಪು ಬಾಳೆಗೊನೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಮಾರುತ್ತಿದ್ದ. ಒಂದು ದಿನ ಯಾವುದೋ ಕಳವಿನ ಕೇಸು ಎಂದು ಪೊಲೀಸರು ಅಲ್ಲಿಂದಲೇ ಹಿಡಿದೊಯ್ದರು. ಅವರಿಗೆ ಬೇಕಾಗಿದ್ದವನು ಅಪ್ಪನ ಹೆಸರಿನ ಇನ್ನೊಬ್ಬ. ಅದು ಅವರಿಗೆ ಗೊತ್ತಾಗಲು ಮೂರು ದಿನ ಹಿಡಿಯಿತು, ಆ ಮೂರು ದಿನದಲ್ಲಿ ಅಪ್ಪನ ಎಡಗಿವಿ ಪೂರ್ತಿ ಹೋಯಿತು. ಆಮೇಲೆ "ಅಂವ ನೀ ಅಲ್ಲ, ನಡಿ" ಎಂದು ಕಳಿಸಿಬಿಟ್ಟರು. ನಾಯಿ ಓಡಿಸಿದ ಹಾಗೆ!

ಅಪ್ಪ ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಅಪ್ಪ ಬಾಗಿಲಿಗೆ ಬಂದರೆ ಅಂಗಡಿಯವರು ಸಾಮಾನು ಒಳಗೆ ಸರಿಸಿಕೊಳ್ಳತೊಡಗಿದರು. ಅಪ್ಪನಿಗೆ ಬೇಕಾಗಿದ್ದದ್ದು ಒಂದೇ. ತನ್ನನ್ನು ಹೊಡೆದ ಇನ್ಸ್‌ಪೆಕ್ಟರ್ ಕಮಲಾಪುರಕ್ಕೆ ಬರಬೇಕು, ನಾಲ್ಕು ಮಂದಿಯ ಎದುರು ತಪ್ಪು ನಮ್ಮದು ಎನ್ನಬೇಕು. ವಕೀಲರ ಮುಂದೆಯೂ ಅದನ್ನೇ ಹೇಳಿದ. "ಪರಿಹಾರ ಬ್ಯಾಡ್ರಿ ನನಗ. ತಪ್ಪಾತು ಅಂತ ಒಂದು ಮಾತು ಅನ್ಲಿ, ಸಾಕು."

"ಅನಸ್ತೀನಿ ಬಿಡ್ರಿ," ಎಂದರು ವಕೀಲರು.

ಎಂಟು ತಿಂಗಳು ಅಲೆಸಿದರು. ಸಾಹೇಬರಿಗೆ ಅಷ್ಟು ದೂರ ಬರಲು ಪುರುಸೊತ್ತಿಲ್ಲ ಎಂದು ಮೊದಲು ಕಮಲಾಪುರ ಬಿಟ್ಟುಹೋಯಿತು. ಸಾಹೇಬರ ಮರ್ಯಾದೆಯ ಪ್ರಶ್ನೆ ಎಂದು ಆಮೇಲೆ ನಾಲ್ಕು ಮಂದಿಯೂ ಬಿಟ್ಟುಹೋದರು. ಅಪ್ಪನ ಮರ್ಯಾದೆಯನ್ನು ಮಾತ್ರ ಕೇಳುವವರಿರಲಿಲ್ಲ. ಕೊನೆಗೆ ಉಳಿದದ್ದು ವಕೀಲರ ಪಡಸಾಲೆ, ಅಲ್ಲಿ ಅಪ್ಪ, ನಾನು, ಇನ್ಸ್‌ಪೆಕ್ಟರ್. ವಕೀಲರೇ ಜಾಗ ತೋರಿಸಿ ಕೂಡಿಸಿದರು. ಇನ್ಸ್‌ಪೆಕ್ಟರ್‌ನನ್ನು ಅಪ್ಪನ ಎಡಕ್ಕೆ ಕೂಡಿಸಿದರು. ಬೇಕೆಂದೇ ಮಾಡಿದರೋ, ಮರೆತರೋ... ಎಡಗಿವಿ ಕೇಳುವುದಿಲ್ಲ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಇತ್ತು. ಬರೆದವಳು ನಾನು, ಓದಿದವರು ಅವರು.

ಇನ್ಸ್‌ಪೆಕ್ಟರ್ ಗೋಡೆ ನೋಡುತ್ತ, ತುಟಿ ಬಿಚ್ಚಿಯೂ ಬಿಚ್ಚದ ಹಾಗೆ, "ಗೈರಸಮಜ ಆಗ್ಯದ" ಎಂದ. ಅಷ್ಟೇ. ವಕೀಲರ ಮನೆಮಾತು ಮರಾಠಿ, ತಪ್ಪು ತಿಳುವಳಿಕೆಗೆ ಅವರು ಸದಾ ಆಡುತ್ತಿದ್ದ ಮಾತೇ ಇದು. ಅವನಿಗೆ ಕಲಿಸಿ ಕೂಡಿಸಿದವರು ಯಾರೆಂದು ಬೇರೆ ಹೇಳಬೇಕೆ? ಗೈರಸಮಜ ಆಗಿದ್ದು ಹೊಡೆದವನಿಗೋ, ಹೊಡೆಸಿಕೊಂಡವನಿಗೋ ಎಂಬುದು ಆ ಮಾತಿನಲ್ಲಿ ಇರಲೇ ಇಲ್ಲ.

ಅಪ್ಪನಿಗೆ ಏನೂ ಕೇಳಿಸಿರಲಿಲ್ಲ. ನನ್ನ ಕಡೆ ತಿರುಗಿ "ಏನಂದ್ರವ್ವಾ?" ಎಂದ. ವಕೀಲರೂ ನನ್ನನ್ನೇ ನೋಡಿದರು. ಆ ನೋಟದಲ್ಲಿ ಬೆದರಿಕೆ ಇರಲಿಲ್ಲ, ಮುಗಿಸಿಬಿಡು ತಾಯಿ ಎಂಬ ಬೇಡಿಕೆ ಇತ್ತು. ಬೆದರಿಸಿದ್ದರೆ ನಾನು ಕೂಗಾಡುತ್ತಿದ್ದೆನೇನೋ. ಅಪ್ಪ ಅಲೆದು ಅಲೆದು ಅರ್ಧ ಆಗಿದ್ದ. ಬಲಗಿವಿಗೆ ಬಾಗಿ, "ತಪ್ಪಾತು ಅಂದ್ರಪ್ಪಾ" ಎಂದೆ.

ಅಪ್ಪನ ಮುಖ ಅರಳಿದ್ದು... ಅಯ್ಯೋ, ಅದನ್ನು ನೆನೆಸಿಕೊಳ್ಳಲಾರೆ. ಎದ್ದು ನಿಂತು ಇನ್ಸ್‌ಪೆಕ್ಟರ್‌ಗೆ ಕೈಮುಗಿದ. ವಕೀಲರು ಚಾಚಿದ ಕಾಗದಕ್ಕೆ ಉರ್ದುವಿನಲ್ಲಿ ಸಹಿ ಹಾಕಿದ. ನಿಜಾಮರ ಕಾಲದ ಉರ್ದು ಶಾಲೆಗೆ ಹೋದವನು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅರ್ಜಿದಾರರು ಗೈರಸಮಜದಿಂದ ದೂರು ಕೊಟ್ಟಿದ್ದು, ರಾಜಿಖುಷಿಯಿಂದ ಹಿಂಪಡೆದಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ನಾನು ಓದಿದೆ. ಬಾಯಿ ಬಿಡಲಿಲ್ಲ.

ಅಪ್ಪ ಆ ಕಾಗದದ ನಕಲನ್ನು ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ತೋರಿಸಿಕೊಂಡು ಬಂದ. ಹದಿನೈದು ದಿನ ಆಗಿರಬೇಕು, ಹೋಟೆಲಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಅಂದಿನಿಂದ ಮನೆಗೆ ಯಾವ ಕಾಗದ ಬಂದರೂ ಅಪ್ಪ ಓದಿಸಲು ಪಕ್ಕದ ಮನೆಗೆ ಹೋಗುತ್ತಿದ್ದ. ಬಿ.ಎ. ಓದುವ ಮಗಳು ಮನೆಯಲ್ಲೇ ಕೂತಿರುತ್ತಿದ್ದಳು.

ತಡೆಯಲಾರದೆ ಬ್ರಹ್ಮಪುರಕ್ಕೆ ಹೋದೆ. ವಕೀಲರ ಬಾಗಿಲಲ್ಲೇ ನಿಂತು ಓಣಿಗೆಲ್ಲ ಕೇಳುವ ಹಾಗೆ ಬೈದೆ. "ನಮ್ಮಪ್ಪಗ ಮೋಸ ಮಾಡೀರಿ ನೀವು. ನಿಮಗ ಒಳ್ಳೇದಾಗೂದಿಲ್ಲ."

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಅಂದರು, "ಬರದಾಂವ ನಾ, ಖರೆ ಅದ ತಂಗಿ. ತಪ್ಪಾತು ಅಂದ್ರು ಅಂತ ಹೇಳಿದಾಕಿ ಯಾರು?"

ಬಸ್ ಹತ್ತಿ ಊರಿಗೆ ಬಂದೆ.

ಈಗ ಅವರೂ ಇಲ್ಲ. ಅವರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಕೊನೆಕೊನೆಗೆ ಬಲಗಿವಿಯೂ ಮಂದವಾಗಿತ್ತು, ಆದರೂ ಹತ್ತಿರ ಕೂತು ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತಿತ್ತು. ಅನ್ನ ಬಡಿಸಲೇ ಎಂದು ಕೇಳಿದ್ದೇನೆ, ಮಾತ್ರೆ ನುಂಗು ಎಂದು ಹೇಳಿದ್ದೇನೆ. ತಪ್ಪಾತು ಅಪ್ಪಾ ಎಂದು ಮಾತ್ರ ನಾನೂ ಒಂದು ದಿನವೂ ಹೇಳಲಿಲ್ಲ.