ಬಾವಿಯ ಬಳಿ ನನ್ನನ್ನು ಸಂತೈಸಿದ ತಾಯಿ

ಹೊಸದುರ್ಗದ ಹತ್ತಿರ ತೋಟದ ಬಾವಿಗೆ ಬಿದ್ದಿದ್ದ ಹುಡುಗಿಯನ್ನು ಮೇಲೆತ್ತಿ ಮಲಗಿಸಿದೆ. ಉಸಿರು ಹೋಗಿತ್ತು. ಅಗ್ನಿಶಾಮಕ ದಳದ ಕೆಲಸದಲ್ಲಿ ಎಷ್ಟೋ ಸಾವು ನೋಡಿದ್ದೇನೆ. ಆದರೆ ಇವಳು ನನ್ನ ಮಗಳಷ್ಟೇ ಎತ್ತರವಿದ್ದಳು.

“ತಡ ಆಯ್ತಮ್ಮಾ, ಉಳ್ಸಕಾಗ್ಲಿಲ್ಲ,” ಎಂದೆ ಅವಳ ತಾಯಿಗೆ.

ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ ಆಕೆ, ಸೆರಗಿನಿಂದ ನನ್ನ ಒದ್ದೆ ಮುಖ ಒರೆಸಿದರು. “ನೀರಾಗೆ ಒಬ್ಳೇ ಇದ್ಲು. ನೀನು ಇಳ್ದು ಕರ್ಕಂಡ್ ಬಂದ್ಯಲ್ಲಪ್ಪ. ಕುಂತ್ಕ, ಚಳಿಗೆ ನಡುಗ್ತಿದೀಯ.”

ಅದು ಚಳಿಯಾಗಿರಲಿಲ್ಲ.

ಆಮೇಲೆ ಇಲಾಖೆ ಕರೆಸಿದ ಆಪ್ತಸಮಾಲೋಚಕರ ಮುಂದೆ ಕೂತೆ. ಆ ತಾಯಿ ಆಡಿದ ಮಾತನ್ನು ಹೇಳಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಎದೆ ಒಂದಿಷ್ಟು ಹಗುರಾಯಿತು. ಆದರೆ ನನ್ನನ್ನು ಸಂತೈಸಿದ ಆಕೆಯನ್ನು ಯಾರು ಸಂತೈಸಿದರೋ, ಇಂದಿಗೂ ನನಗೆ ತಿಳಿಯದು.