ಗಿಡ್ಡ ತೆಂಗಿನಿಂದ ಮೊದಲ ಬಾಟಲಿ ಪಾಕ

"ಎಡಗೈಲಿ ತಟ್ಟಿದ್ರೆ ಆಗಲ್ವಾ?"

ನಮ್ಮ ಯಜಮಾನರು ಹೀಗೆ ಕೇಳಿದರೂ ಮುನಿಶಾಮಪ್ಪನವರು ಮರದ ಪುಟ್ಟ ಸುತ್ತಿಗೆಯನ್ನು ಅವರ ಬಲಗೈಗೇ ಕೊಟ್ಟರು. "ಇದೇನು ಕಬ್ಬಿಣ ಬಡಿಯೋದೇನಪ್ಪಾ? ಮಗೂನ ತಟ್ಟಿ ಮಲಗಿಸ್ದಂಗೆ ತಟ್ಬೇಕು. ಜೋರಿದ್ದೋರ ಕೈಗೆ ಇದು ಆಗಲ್ಲ."

ಕಳೆದ ವರ್ಷ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಯಿತು. ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ಬಿಸಿನೀರಲ್ಲಿ ಅದ್ದಿ ಗೂಡಿನಿಂದ ರೇಷ್ಮೆ ಎಳೆ ತೆಗೆದ ಬಲಗೈ, ಚಮಚ ಹಿಡಿಯಲೂ ಆಗದೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಫಿಸಿಯೋಥೆರಪಿಯವರು ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಎರಡೇ ವಾರಕ್ಕೆ ಇವರು ಅದನ್ನು ಮಂಚದ ಕೆಳಗೆ ಎಸೆದರು. "ನಾನೇನು ಮಗೂನಾ, ಆಟ ಆಡಿಸ್ತಿದೀಯಾ?" ಎಂದು ರೇಗಿದರು. ಆಮೇಲೆ ನಾನೂ ಬಲವಂತ ಮಾಡುವುದನ್ನು ಬಿಟ್ಟೆ.

ನೀರಾ, ಅಂದರೆ ತೆಂಗಿನ ಹೊಂಬಾಳೆಯ ಸಿಹಿ ರಸ ಇಳಿಸಿ ಪಾಕ ಮಾಡುವ ಹುಚ್ಚು ನನ್ನದು. ಯಾವುದೋ ವಿಡಿಯೋದಲ್ಲಿ ಅದು ಜೇನಿನ ಹಾಗೆ ಹೊಳೆಯುವುದನ್ನು ನೋಡಿದ್ದೆ. ನಮ್ಮ ಹಿತ್ತಲಿನ ತೆಂಗು ಗಿಡ್ಡ ಜಾತಿಯದು, ನೆಲದ ಮೇಲೆ ನಿಂತರೇ ಹೊಂಬಾಳೆ ಕೈಗೆ ಸಿಗುತ್ತದೆ.

ಅಬಕಾರಿ ಆಫೀಸಿಗೆ ಅಲೆದು ಅನುಮತಿ ತಂದೆ. ಮೇಲೂರಿನಿಂದ ತಂಗಿಯ ಮಾವ ಮುನಿಶಾಮಪ್ಪನವರನ್ನು ಕರೆಸಿದೆ. ವಯಸ್ಸಿನಲ್ಲಿ ಅವರು ಮರ ಕಟ್ಟಿ ನೀರಾ ಇಳಿಸಿದವರು.

ಇನ್ನೂ ಅರಳದ ಹೊಂಬಾಳೆಗೆ ಹಗ್ಗ ಸುತ್ತಿ, ದಿನಾ ಬೆಳಿಗ್ಗೆ ಸಂಜೆ ಮೆಲ್ಲಗೆ ತಟ್ಟಬೇಕು, ಆಗಲೇ ರಸ ಇಳಿಯುವುದು. ನನಗೆ ಬ್ಲೌಸ್ ಹೊಲಿಯುವ ಕೆಲಸ ತಲೆ ಮೇಲಿತ್ತು. ಹಾಗಾಗಿ ತಟ್ಟುವುದು ಇವರ ಪಾಲಿಗೆ ಬಂತು.

ಮೊದಲ ದಿನ ಮೂರು ಏಟಿಗೆ ಸುತ್ತಿಗೆ ಜಾರಿ ಬಿತ್ತು. ನಾನು ಎತ್ತಿಕೊಡಲು ಓಡಿದೆ. ಮುನಿಶಾಮಪ್ಪನವರು ಕಣ್ಣಲ್ಲೇ ಬೇಡ ಎಂದರು.

ನಮ್ಮ ಯಜಮಾನರೇ ಬಗ್ಗಿ, ಎಡಗೈಯಲ್ಲಿ ಎತ್ತಿ, ಬಲಗೈಗೆ ಇಟ್ಟುಕೊಂಡರು...

ಹತ್ತನೇ ದಿನ ಹೊಂಬಾಳೆಯ ತುದಿ ಕೊಯ್ದರೆ ಒಂದು ಹನಿಯೂ ಇಲ್ಲ. ನನಗೆ ಅಳುವೇ ಬಂತು. ಇವರು ಮಾತ್ರ ತಟ್ಟುತ್ತಲೇ ಇದ್ದರು.

ಎರಡು ದಿನದ ಮೇಲೆ ಮಿಷನ್ ಮುಂದೆ ಕೂತಿದ್ದೆ, ಹಿತ್ತಲಿನಿಂದ ಕೂಗು. "ಏಯ್, ಬಾರೇ ಇಲ್ಲಿ! ಬಂತು ಕಣೇ, ಬಂತು!" ಸ್ಟ್ರೋಕ್ ಆದ ಮೇಲೆ ಅವರು ಅಷ್ಟು ಜೋರಾಗಿ ನನ್ನನ್ನು ಕರೆದಿರಲೇ ಇಲ್ಲ.

ಮೊದಲ ಗಡಿಗೆಯ ನೀರಾ ಹುಳಿ ಬಂದು ಮೋರಿ ಸೇರಿತು. ಹುಳಿಯಾಗದಂತೆ ಗಡಿಗೆಯ ಒಳಗೆ ಸುಣ್ಣ ಬಳಿಯುವುದರಲ್ಲಿ ನಾನು ಜುಗ್ಗತನ ಮಾಡಿದ್ದೆ, ತಪ್ಪು ನನ್ನದೇ. ಇನ್ನು ಇವರು ಕೈಚೆಲ್ಲಿ ಕೂರುತ್ತಾರೆ ಅಂದುಕೊಂಡೆ. "ನಾಳೆ ಸರಿಯಾಗಿ ಬಳಿ" ಎಂದರು, ಅಷ್ಟೇ.

ಮರುದಿನದ ನೀರಾ ಸಿಹಿಯಾಗಿತ್ತು. ಸೋಸಿ ಸ್ಟೌ ಮೇಲಿಟ್ಟೆ. ಪಾತ್ರೆ ತುಂಬ ಇದ್ದದ್ದು ಕುದಿದು ಕುದಿದು ತಳಕ್ಕಿಳಿಯಿತು, ಮನೆಯೆಲ್ಲ ಬೆಲ್ಲದ ಘಮ. ಯಾವಾಗ ಇಳಿಸಬೇಕೋ ತಿಳಿಯದೆ ನಾನು ಫೋನಿನಲ್ಲಿ ಮತ್ತೆ ವಿಡಿಯೋ ಹುಡುಕುತ್ತಿದ್ದೆ.

ಇವರು ಸ್ಟೂಲ್ ಎಳೆದುಕೊಂಡು ಪಕ್ಕ ಕೂತರು. ತಟ್ಟೆಗೆ ಒಂದು ತೊಟ್ಟು ಬಿಟ್ಟು, ಆರಿದ ಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು. "ಎಳೆ ನಿಲ್ತಿಲ್ಲ, ಇನ್ನೊಂಚೂರು ತಡಿ."

ಬಲಗೈಯ ಬೆರಳುಗಳು... ಹೆಬ್ಬೆರಳು ಮತ್ತು ತೋರುಬೆರಳು.

ನಾನು ನೋಡಿದೆ, ಅವರು ಗಮನಿಸಲಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಕೈ ಹಿಂದಕ್ಕೆ ತಗೊಂಡುಬಿಡುತ್ತಾರೋ ಎಂದು ಸುಮ್ಮನಿದ್ದೆ. ಅವರು "ಈಗ ಇಳ್ಸು" ಎಂದಾಗ ಇಳಿಸಿದೆ.

ಸಿಕ್ಕಿದ್ದು ಒಂದು ಸಣ್ಣ ಬಾಟಲಿ. ಅರ್ಧ ಮುನಿಶಾಮಪ್ಪನವರಿಗೆ ಕಳಿಸಿ, ಉಳಿದದ್ದನ್ನು ದೋಸೆಯ ಜೊತೆ ತಿಂದೆವು.

ಶರ್ಟಿನ ಗುಂಡಿ ಈಗಲೂ ನಾನೇ ಹಾಕಬೇಕು. ಆದರೆ ಇವತ್ತು ಬೆಳಿಗ್ಗೆ ಎರಡನೇ ಹೊಂಬಾಳೆಗೆ ಅವರೇ ಹಗ್ಗ ಸುತ್ತುತ್ತಿದ್ದಾರೆ, ನಾನು ಕಿಟಕಿಯಿಂದ ನೋಡುತ್ತಿದ್ದೇನೆ.

ಕೈ ಸರಿಹೋಗ್ತಿದೆ ರೀ ಅಂತ ಹೇಳಿಬಿಡಲಾ, ಇಲ್ಲ ಅವರಿಗೇ ಗೊತ್ತಾಗಲಿ ಅಂತ ಸುಮ್ಮನಿರಲಾ... ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?